ಏಟು ಉಪಮೇಯಕ್ಕೆ, ಗಾಯ ಉಪಮಾನಕ್ಕೆ

ಆರ್‌ಸಿಬಿ ಸೋತ ಒಂದು ರಾತ್ರಿ. ನಮ್ಮ ಕಾಲೇಜು ಸಹಪಾಠಿಗಳ ವಾಟ್ಸ್‌ಆಪ್ ಗುಂಪಿನಲ್ಲಿ ಎಂದಿನ ಗದ್ದಲ. ಕೊನೆಯ ಓವರ್‌ಗಳಲ್ಲಿ ನಮ್ಮ ಬೌಲರ್‌ಗಳು ಸಿಕ್ಕಾಪಟ್ಟೆ ಹೊಡೆಸಿಕೊಂಡಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಗೆಳೆಯ ಬರೆದ: 'ಇವತ್ತು ನಮ್ಮವರನ್ನ ರೇಪ್ ಮಾಡಿಬಿಟ್ರು ಗುರೂ.' ಅದರ ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳು ಒಂದರ ಹಿಂದೊಂದು ಬಂದು ಕೂತವು. ಆಮೇಲೆ ಎಣಿಸಿದೆ, ಹತ್ತೊಂಬತ್ತು. ಸ್ವಲ್ಪ ಹೊತ್ತಿಗೆ ಗುಂಪಿನ ಅಡ್ಮಿನ್ ಆದ ನನಗೊಂದು ಸೂಚನೆ ಬಂತು: ಒಬ್ಬ ಸಹಪಾಠಿ ಗುಂಪು ಬಿಟ್ಟಿದ್ದಾಳೆ. 2022ರಿಂದ ವಾಟ್ಸ್‌ಆಪ್‌ನಲ್ಲಿ ಯಾರಾದರೂ ಗುಂಪು ಬಿಟ್ಟರೆ ಆ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ನಕ್ಕವರಿಗೆ ಯಾರಿಗೂ ಗೊತ್ತಾಗಲಿಲ್ಲ. ಅವರ ಮಾತು ಪಿಚ್ ರಿಪೋರ್ಟಿನ ಕಡೆ ಹೊರಳಿತ್ತು.

ಮರುದಿನ ಅವಳಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯೊಂದರಲ್ಲಿ ನರ್ಸ್. 'ನಿನ್ನೆ ನೈಟ್ ಡ್ಯೂಟಿ ಇತ್ತು ಕಣೋ. ಸಂಜೆ ಪೊಲೀಸರು ಒಂದು ಹುಡುಗೀನ ತಪಾಸಣೆಗೆ ಕರ್ಕೊಂಡು ಬಂದಿದ್ರು. ತನಗೇನಾಯ್ತು ಅಂತ ಹೇಳೋಕೆ ಆ ಮಗೂಗೆ ಎರಡು ಗಂಟೆ ಹಿಡೀತು. ಆ ಪದ ಅವಳ ಬಾಯಿಗೆ ಬರಲೇ ಇಲ್ಲ. ಹನ್ನೊಂದು ಗಂಟೆಗೆ ಒಂದು ಲೋಟ ಟೀ ಹಿಡ್ಕೊಂಡು ಕೂತು ಫೋನ್ ತೆಗೆದ್ರೆ, ನಿಮ್ಮ ಗುಂಪಲ್ಲಿ ಅದೇ ಪದ. ಕೆಳಗೆ ಅಷ್ಟೊಂದು ನಗು.'

'ನಿಮ್ಮ ಗುಂಪು' ಎಂದಳು. ಹಿಂದಿನ ದಿನದವರೆಗೂ ಅದು 'ನಮ್ಮ ಗುಂಪು' ಆಗಿತ್ತು.

ಆ ಸಾಲು ಬರೆದ ಗೆಳೆಯ ಕೆಟ್ಟವನಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. 'ನಾನು ಕ್ರಿಕೆಟ್ ಬಗ್ಗೆ ಹೇಳಿದ್ದು ಮಾರಾಯ, ಅದು ಬರೀ ಮಾತಿನ ವರಸೆ' ಎಂದ. ಅವನ ಮಟ್ಟಿಗೆ ಅದು ನಿಜವೇ. ಆದರೆ ಮಾತಿನ ವರಸೆ ಎಂಬುದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡಿದರೆ, 'ಬರೀ' ಎಂಬ ಪದ ಅಲ್ಲಿ ನಿಲ್ಲುವುದಿಲ್ಲ.

ಬಿಚ್ಚುವುದಕ್ಕೆ ಬೇಕಾದ ಸಲಕರಣೆ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲೇ ಇದೆ. 'ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು.' ಪರೀಕ್ಷೆಯಲ್ಲಿ ನಾವೆಲ್ಲ ಬರೆದ ಉತ್ತರ: ಉಪಮೇಯ ಭೀಮ ದುರ್ಯೋಧನರು, ಉಪಮಾನ ಮದಗಜ, ಉಪಮಾವಾಚಕ 'ಅಂತೆ', ಸಮಾನಧರ್ಮ ಹೋರಾಟ. ಯಾವುದರ ಬಗ್ಗೆ ಮಾತೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಎರಡರಲ್ಲೂ ಇರುವ ಗುಣ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದೆರಡು ಬಿಟ್ಟುಹೋಗಿದ್ದರೆ ಲುಪ್ತೋಪಮೆ.

ಒರಟು ಹೋಲಿಕೆಗಳಲ್ಲಿ ಬಹುಪಾಲು ಲುಪ್ತೋಪಮೆಗಳೇ, ಅದರಲ್ಲೂ ಸಮಾನಧರ್ಮವನ್ನು ಬಾಯಿ ಬಿಟ್ಟು ಹೇಳದವು. 'ಕೈಲಾಗದಿದ್ರೆ ಬಳೆ ತೊಟ್ಕೊಳ್ಳಿ' ಎಂದು ಒಬ್ಬ ಕಾಮೆಂಟ್ ಹಾಕುತ್ತಾನೆ. ಉಪಮೇಯ ಯಾರೋ ಮಂತ್ರಿ. ಉಪಮಾನ ಬಳೆ ತೊಟ್ಟವಳು. ಇಬ್ಬರಿಗೂ ಸಮಾನವಾದದ್ದು ಏನು? ಅದನ್ನು ಅವನು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಓದುವವರು ತಾವೇ ತುಂಬಿಕೊಳ್ಳುತ್ತಾರೆ: ಹೆಂಗಸು ಎಂದರೆ ಕೈಲಾಗದವಳು. ಬಿಟ್ಟ ಸ್ಥಳ ತುಂಬಿಕೊಳ್ಳದಿದ್ದರೆ ಬೈಗುಳ ಅರ್ಥವೇ ಆಗುವುದಿಲ್ಲ. ಹಾಗಾಗಿ ಅದು ಅರ್ಥವಾಗಿ ನಕ್ಕ ಪ್ರತಿಯೊಬ್ಬನೂ ಆ ಹೇಳದ ಮಾತಿಗೆ ಒಂದು ಕ್ಷಣವಾದರೂ ತಲೆಯಾಡಿಸಿರುತ್ತಾನೆ. ಮಂತ್ರಿಗೆ ಇದರಿಂದ ಏನೂ ಆಗುವುದಿಲ್ಲ, ಅವರು ಓದಿಯೇ ಇರುವುದಿಲ್ಲ. ಬಳೆ ತೊಟ್ಟು ಬೆಳಗ್ಗೆ ಐದಕ್ಕೆ ಎದ್ದು ಗಾರ್ಮೆಂಟ್ಸ್ ಬಸ್ಸು ಹಿಡಿಯುವವಳು ಓದಿರುತ್ತಾಳೆ.

ಆ ರಾತ್ರಿಯ ಸಾಲನ್ನೂ ಹೀಗೇ ಬಿಡಿಸಿ. ಉಪಮೇಯ ಬೌಲರ್‌ಗಳು. ಉಪಮಾನ ಅತ್ಯಾಚಾರಕ್ಕೊಳಗಾದವಳು. ಹೇಳದೇ ಉಳಿದ ಸಮಾನಧರ್ಮ: ಪೂರ್ತಿ ಸೋತುಹೋದವರು, ಮಾನ ಕಳಕೊಂಡವರು, ನೋಡಿದವರು ನಗಬಹುದಾದವರು. ಬೌಲರ್‌ಗಳು ಮುಂದಿನ ಪಂದ್ಯಕ್ಕೆ ಬೇರೆ ಊರಿಗೆ ವಿಮಾನ ಹತ್ತಿದರು. ಆ ಹುಡುಗಿ ಮಾತ್ರ, ತಾನು ಎಂದೂ ಕಾಣದ ಗುಂಪಿನಲ್ಲಿ, 'ಮಾನ ಕಳಕೊಂಡವಳು' ಎಂಬ ಜಾಗದಲ್ಲಿ ಇನ್ನೊಂದು ಸಲ ನಿಂತಳು.

ಈ ಹೋಲಿಕೆ ನಮ್ಮಲ್ಲಿ ಎಷ್ಟು ಸಲೀಸಾಗಿದೆ ಎಂದರೆ, ಭಾಷೆಯನ್ನು ಪ್ರೀತಿಸುವವರ ಕೈಯಲ್ಲೂ ಅದು ಬರುತ್ತದೆ. ತಪ್ಪು ಕಾಗುಣಿತದ ನಾಮಫಲಕದ ಫೋಟೊ ಹಾಕಿ 'ಕನ್ನಡದ ಮೇಲೆ ಅತ್ಯಾಚಾರ' ಎಂದು ಬರೆಯುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಮೂಲದಲ್ಲಿ ಈ ಪದಕ್ಕೆ ಎಲ್ಲೆ ಮೀರಿದ ನಡತೆ ಎಂದಷ್ಟೇ ಅರ್ಥ, ಹಿಂದಿಯಲ್ಲಿ ಈಗಲೂ ಅದು ದೌರ್ಜನ್ಯ ಎಂಬ ಅರ್ಥದಲ್ಲೇ ಓಡಾಡುತ್ತದೆ. ಆದರೆ ಇಂದಿನ ಕನ್ನಡದಲ್ಲಿ ಆ ಪದಕ್ಕೆ ಉಳಿದಿರುವುದು ಒಂದೇ ಅರ್ಥ. ಒಂದು ಒತ್ತಕ್ಷರ ತಪ್ಪಿದ್ದಕ್ಕೂ ಅದಕ್ಕೂ ನಡುವಿನ ದೂರ ಬರೆಯುವವರಿಗೆ ಕಾಣದಷ್ಟು ಪದ ಸವೆದುಹೋಗಿದೆ.

ಸವೆತ ನಮ್ಮ ಶಾಸನಸಭೆಯವರೆಗೂ ಮುಟ್ಟಿತ್ತು. 2019ರ ಫೆಬ್ರುವರಿಯಲ್ಲಿ ಆಗ ಸ್ಪೀಕರ್ ಆಗಿದ್ದ ಕೆ.ಆರ್. ರಮೇಶ್ ಕುಮಾರ್, ಶಾಸಕರಿಗೆ ಆಮಿಷ ಒಡ್ಡಿದ ಆರೋಪದ ಆಡಿಯೊ ಪ್ರಕರಣದಲ್ಲಿ ತಮ್ಮ ಹೆಸರು ಮತ್ತೆ ಮತ್ತೆ ಎಳೆದುತರುವುದನ್ನು ಅತ್ಯಾಚಾರಕ್ಕೊಳಗಾದವಳನ್ನು ಮತ್ತೆ ಮತ್ತೆ ಪ್ರಶ್ನಿಸುವುದಕ್ಕೆ ಹೋಲಿಸಿದರು. ಅಲ್ಲಿ ಸಮಾನಧರ್ಮವನ್ನಾದರೂ ಬಿಡಿಸಿ ಹೇಳಿದ್ದರು, ಅವಳ ನೋವು ನೋವೇ ಎಂಬ ಒಪ್ಪಿಗೆಯೂ ಅದರಲ್ಲಿತ್ತು. 2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಆದದ್ದು ಬೇರೆ. ಮಾತಾಡಲು ಸಮಯ ಬೇಕೆಂದು ಸದಸ್ಯರು ಒತ್ತಾಯಿಸುತ್ತಿದ್ದರು. ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಬೇಸತ್ತು, ಇನ್ನು ಆದದ್ದಾಗಲಿ ಎಂಬರ್ಥದ ಮಾತಾಡಿದಾಗ, ರಮೇಶ್ ಕುಮಾರ್ ಎದ್ದು, ಅತ್ಯಾಚಾರ ತಪ್ಪದು ಎಂದಾದರೆ ಮಲಗಿ ಅನುಭವಿಸಬೇಕು ಎಂಬ ಇಂಗ್ಲಿಷಿನ ಹಳಸಲು ಮಾತನ್ನು ಉದ್ಧರಿಸಿದರು. ಸ್ಪೀಕರ್ ನಕ್ಕರು, ಸದನದಲ್ಲಿ ಇನ್ನೂ ಕೆಲವರು ನಕ್ಕರು. ಕೆಲವೇ ಗಂಟೆಗಳಲ್ಲಿ ಆ ತುಣುಕು ರಾಜ್ಯದ ಎಲ್ಲ ಫೋನುಗಳಲ್ಲಿತ್ತು. ಅವರದೇ ಪಕ್ಷದ ಶಾಸಕಿಯರು ಖಂಡಿಸಿದರು, ಮರುದಿನ ಅವರು ಸದನದಲ್ಲಿ ಕ್ಷಮೆ ಕೇಳಿದರು. ಅಲ್ಲಿ ಉಪಮೇಯ ಸದನದ ಸಮಯಪಾಲನೆ. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ನೋವನ್ನು ಉಪಮಾನವಾಗಿ ಎಳೆದು ತಂದದ್ದು, ಅದಕ್ಕೆ ನಗು ಬಂದದ್ದು, ಎರಡೂ ನನ್ನನ್ನು ಇವತ್ತಿಗೂ ಕಾಡುತ್ತವೆ.

ಒರಟು ಮಾತಿನ ಬಗ್ಗೆ ಯೋಚಿಸಿದವರಲ್ಲಿ ನಾವು ಮೊದಲಿಗರಲ್ಲ. ಕಾಶ್ಮೀರದ ವಾಮನ, ಮಮ್ಮಟರಂಥ ಕಾವ್ಯಶಾಸ್ತ್ರದ ಲಾಕ್ಷಣಿಕರು ಸಾವಿರ ವರ್ಷದ ಹಿಂದೆಯೇ ಅಶ್ಲೀಲವನ್ನು ಮೂರಾಗಿ ವಿಂಗಡಿಸಿದ್ದರು: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವಾದದ್ದು. ಇವತ್ತು ಯಾವುದೇ ಸಿನಿಮಾ ಜಗಳದ ಕಾಮೆಂಟುಗಳನ್ನು ತೆರೆದರೂ ಮೂರೂ ಸಿಗುತ್ತವೆ. ಮೈಯ ಗುಪ್ತಾಂಗಗಳು, ಮಲ ಮತ್ತು ವಾಂತಿ, ಸಾವು ಮತ್ತು ತಿಥಿ. ಉಪಮೆಯ ದೋಷಗಳ ಪಟ್ಟಿಯಲ್ಲಿ ಅವರು 'ಹೀನ ಉಪಮಾನ' ಎಂಬ ದೋಷವನ್ನೂ ಸೇರಿಸಿದ್ದರು. ಅದಕ್ಕೆ ಅಲಂಕಾರಶಾಸ್ತ್ರ ಕೊಡುವ ಉದಾಹರಣೆ: 'ಚಂಡಾಲರಂತೆ ನೀವು ಮಹಾಸಾಹಸ ಮಾಡಿದಿರಿ.' ದೋಷ ಯಾಕೆ? ಸಾಹಸಿಗಳಂಥ ದೊಡ್ಡವರನ್ನು ಚಂಡಾಲರಿಗೆ ಹೋಲಿಸಿದರೆ ದೊಡ್ಡವರು ಸಣ್ಣವರಾಗುತ್ತಾರಲ್ಲ, ಅದಕ್ಕೆ. ಉಪಮೇಯದ ಮರ್ಯಾದೆಗೆ ಕುಂದು ಬಂತು ಎಂಬುದೇ ಶಾಸ್ತ್ರಕಾರರ ಚಿಂತೆ. ಆ ಹೋಲಿಕೆಯನ್ನು ಚಂಡಾಲನೇ ಕೇಳಿಸಿಕೊಂಡರೆ ಅವನಿಗೆ ಹೇಗನಿಸೀತು ಎಂಬ ಪ್ರಶ್ನೆ ಅವರಿಗೆ ಏಳಲಿಲ್ಲ, ಯಾಕೆಂದರೆ ಕಾವ್ಯಗೋಷ್ಠಿಯೊಳಗೆ ಅವನಿಗೆ ಪ್ರವೇಶವೇ ಇರಲಿಲ್ಲ.

ಈಗ ಇದೆ. ಬದಲಾದದ್ದು ಇದೇ. ಉಪಮಾನ ಈಗ ಕೇಳುಗರ ಸಾಲಿನಲ್ಲೇ ಕೂತಿದೆ, ಅದರ ಕೈಯಲ್ಲೂ ಒಂದು ಫೋನಿದೆ.

2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಅವರ ಪ್ರಕರಣದಲ್ಲಿ ಇದು ಎಲ್ಲರಿಗೂ ಕಾಣುವಂತೆ ನಡೆಯಿತು. ತಮ್ಮ ಪಕ್ಷವಾದ ಪ್ರಜಾಕೀಯದ ವಾರ್ಷಿಕೋತ್ಸವಕ್ಕೆ ನೇರಪ್ರಸಾರದಲ್ಲಿ ಮಾತಾಡುತ್ತ, ಟೀಕಿಸುವವರು ಎಲ್ಲ ಕಡೆ ಇರುತ್ತಾರೆ, ತಲೆ ಕೆಡಿಸಿಕೊಳ್ಳಬಾರದು ಎಂದು ಹೇಳಲು ಅವರು ಊರು ಮತ್ತು ಹೊಲಗೇರಿಯ ಗಾದೆಯನ್ನು ಬಳಸಿದರು. ಉಪಮೇಯ ಟೀಕಾಕಾರರು. ಉಪಮಾನ ದಲಿತರು ಬಾಳುವ ಕೇರಿ. ಸಮಾನಧರ್ಮ ಎಂದಿನಂತೆ ಬಿಟ್ಟ ಸ್ಥಳ: ಇರಬಾರದಿತ್ತು, ಆದರೆ ಇದೆ, ಸಹಿಸಿಕೊಳ್ಳಬೇಕು. ಆ ಕೇರಿಯಲ್ಲಿ ಹುಟ್ಟಿದ ಸಾವಿರಾರು ಜನ ಅದನ್ನು ಕೇಳಿಸಿಕೊಂಡರು. ವಿಡಿಯೊ ಅಳಿಸಿ ಕ್ಷಮೆ ಕೇಳಿದರೂ ಬೆಂಗಳೂರಿನಲ್ಲಿ ದೂರು ದಾಖಲಾಯಿತು, ಹೈಕೋರ್ಟ್ ಎಫ್‌ಐಆರ್‌ಗೆ ತಡೆ ಕೊಟ್ಟಿತು. ಆ ವಾರವಿಡೀ ಕೇಳಿಬಂದ ಸಮರ್ಥನೆ ಒಂದೇ: 'ಅದು ಗಾದೆ ತಾನೆ, ಹಿಂದಿನಿಂದ ಬಂದದ್ದು.' ಹೌದು, ಹಿಂದಿನಿಂದ ಬಂದದ್ದೇ. ಗಾದೆ ಕಟ್ಟಿದಾಗ ಊರಿನ ಜಗಲಿಯ ಮೇಲೆ ಕೂತವರು ಯಾರು, ಅದರ ಹತ್ತಿರಕ್ಕೂ ಬರಕೂಡದವರು ಯಾರು ಎಂಬುದು ಆ ಗಾದೆಯೊಳಗೇ ಅಚ್ಚಾಗಿದೆ. ಕ್ಷೌರಿಕರನ್ನು ಕರೆಯುವ ಹಳೆಯ ಪದವೊಂದನ್ನು ಕೈಲಾಗದವನು ಎಂಬ ಅರ್ಥದಲ್ಲಿ ಎಸೆಯುವುದೂ ಇದೇ ಜಾತಿಯದು. ಅದನ್ನು ಬೈಗುಳವಾಗಿ ಬಳಸುವುದನ್ನು ನಿಲ್ಲಿಸಿ ಎಂದು ಸವಿತಾ ಸಮಾಜದವರು ಸರ್ಕಾರದ ಬಾಗಿಲನ್ನು ಹಲವು ಸಲ ತಟ್ಟಿದ್ದಾರೆ.

ಕೆಲವು ಪದಗಳ ಹುಟ್ಟು ಆಡುವವರಿಗೇ ಮರೆತುಹೋಗಿರುತ್ತದೆ. 'ಬೋಳಿಮಗ' ಎಂದು ದಿನಕ್ಕೆ ಹತ್ತು ಸಲ ಬರೆಯುವ ಹುಡುಗನನ್ನು ಕೇಳಿ ನೋಡಿ, ಬೋಳಿ ಎಂದರೆ ಯಾರು ಎಂದು. ಗಂಡ ಸತ್ತಾಗ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಿತ್ತಿಲ ಕೋಣೆಗೆ ತಳ್ಳಿದ ಹೆಂಗಸು ಅವಳು. ನನ್ನ ಅಜ್ಜಿಯ ಅತ್ತೆಯೊಬ್ಬರು ಹಾಗೆ ಬದುಕಿದ್ದರಂತೆ. ಹದಿನಾರಕ್ಕೆ ತಲೆ ಬೋಳಾಯಿತು, ಎಪ್ಪತ್ತರವರೆಗೆ ಬದುಕಿದ್ದರು, ಮದುವೆಮನೆಯ ಅಡುಗೆಯನ್ನೆಲ್ಲ ಮಾಡುತ್ತಿದ್ದರು, ಮಂಟಪಕ್ಕೆ ಬರುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಆ ಕ್ರೌರ್ಯ ನಿಂತು ತಲೆಮಾರುಗಳೇ ಕಳೆದವು. ಬೈಗುಳದಲ್ಲಿ ಮಾತ್ರ ಅದು ನಿಂತಿಲ್ಲ. 'ಮುಂಡೇದು' ಕೂಡ ಅಲ್ಲಿಂದಲೇ ಬಂದದ್ದು.

ನಮ್ಮಮ್ಮನೂ ಆ ಪದ ಬಳಸುತ್ತಿದ್ದಳಲ್ಲ ಎಂದು ನೀವು ಕೇಳಬಹುದು. ನನ್ನಮ್ಮನೂ ಬಳಸುತ್ತಿದ್ದಳು. 'ಮುಂಡೇದೇ, ಮಳೇಲಿ ನೆಂದ್ಕೊಂಡು ಬಂದ್ಯಾ' ಎಂದು ಸೆರಗಿನಲ್ಲಿ ತಲೆ ಒರೆಸುವಾಗ ಪದದ ಅರ್ಥ ಇದ್ದದ್ದು ಆ ಸೆರಗಿನಲ್ಲಿ, ಆ ದನಿಯಲ್ಲಿ. ಎದುರೆದುರು ಆಡುವ ಒರಟು ಮಾತಿಗೆ ಹೀಗೆ ನೂರು ಕಾವಲುಗಳಿರುತ್ತವೆ. ಅರಳಿಕಟ್ಟೆಯ ಮೇಲೆ ಕೂತವನಿಗೆ ಪಕ್ಕದಲ್ಲಿ ಯಾರಿದ್ದಾರೆ ಎಂದು ಕಾಣುತ್ತದೆ. ಮಗನನ್ನು ಕಳಕೊಂಡವರು ಅಲ್ಲಿದ್ದರೆ ಅವತ್ತು ಅವನು ಸಾವಿನ ಮಾತು ತೆಗೆಯುವುದಿಲ್ಲ. ಮಾತು ಜಾರಿದರೆ ಎದುರಿನವರ ಮುಖ ಸಣ್ಣಗಾದದ್ದು ತಕ್ಷಣ ಕಾಣುತ್ತದೆ, ಅಲ್ಲೇ 'ಬಿಡಿ, ಏನೋ ಬಾಯ್ತಪ್ಪಿ ಬಂತು' ಎನ್ನಬಹುದು. ಫೋನಿನಲ್ಲಿ ಬೆರಳಿಗೆ ಕಾಣುವುದು ಕೀಲಿಮಣೆ ಮಾತ್ರ. ದನಿ ಹೋಯಿತು, ಸೆರಗು ಹೋಯಿತು, ಮುಖ ಸಣ್ಣಗಾದದ್ದು ಯಾರಿಗೂ ಕಾಣಲಿಲ್ಲ. ಪದ ಒಂದೇ ಉಳಿಯಿತು, ಸ್ಕ್ರೀನ್‌ಶಾಟ್ ಆಗಿ ಊರೂರು ತಿರುಗಲು.

ಇನ್ನೂ ಒಂದು ಹೋಗುತ್ತದೆ, ಬಹಳ ಜನ ಗಮನಿಸದ ಒಂದು: 'ಅಂತೆ'. 'ಅವನು ನಾಯಿಯಂತೆ ಬೊಗಳುತ್ತಾನೆ' ಎಂಬುದು ಉಪಮೆ. ಅಲ್ಲಿ 'ಅಂತೆ' ಎಂಬ ಪುಟ್ಟ ಪ್ರತ್ಯಯ ನಡುವೆ ನಿಂತು, ಇವನು ಬೇರೆ ಅದು ಬೇರೆ ಎಂದು ಕಾಯುತ್ತಿರುತ್ತದೆ. 'ಅವನು ನಾಯಿ' ಎಂದ ಕೂಡಲೇ ಅದು ರೂಪಕ. ಉಪಮೇಯಕ್ಕೂ ಉಪಮಾನಕ್ಕೂ ಭೇದವೇ ಇಲ್ಲ ಎಂದು ಸಾಧಿಸುವುದೇ ರೂಪಕದ ಕೆಲಸ. ಆನ್‌ಲೈನ್ ಮಾತು ಚುಟುಕಾಗಬೇಕು, ಚುರುಕಾಗಿ ಕುಟ್ಟಬೇಕು, ಹಾಗಾಗಿ ಮೊದಲು ಉದುರುವುದು ಈ 'ಅಂತೆ'. ಒಬ್ಬ ವ್ಯಕ್ತಿಯ ವಿಷಯದಲ್ಲಿ ಇದು ಬೈಗುಳ. ಒಂದು ಸಮುದಾಯವನ್ನೇ ಹುಳು, ತಿಗಣೆ, ರೋಗ ಎಂದು ಕರೆಯತೊಡಗಿದಾಗ ಅದು ಬರೀ ಬೈಗುಳವಾಗಿ ಉಳಿಯುವುದಿಲ್ಲ. ಹುಳುವಿಗೆ ಔಷಧಿ ಹೊಡೆಯುತ್ತಾರೆ, ರೋಗವನ್ನು ಕತ್ತರಿಸಿ ತೆಗೆಯುತ್ತಾರೆ. ಮುಂದೇನು ಮಾಡಬೇಕು ಎಂಬುದನ್ನು ಉಪಮಾನವೇ ಹೇಳಿಕೊಡುತ್ತದೆ. ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಸುಮಾರು 100 ದಿನ ನಡೆದ ನರಮೇಧಕ್ಕೆ ಮುನ್ನ ಮತ್ತು ಅದರುದ್ದಕ್ಕೂ ಆರ್‌ಟಿಎಲ್‌ಎಂ ಎಂಬ ರೇಡಿಯೊ ಅಲ್ಲಿನ ಟುಟ್ಸಿ ಸಮುದಾಯದವರನ್ನು 'ಇನ್ಯೆಂಜಿ' ಎಂದು ಕರೆಯುತ್ತಿತ್ತು. ಆ ಪದದ ಅರ್ಥ ಜಿರಳೆ. ಸತ್ತವರು ಲಕ್ಷಗಟ್ಟಲೆ. ಆ ರೇಡಿಯೊ ನಡೆಸಿದವರಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಕ್ರಿಕೆಟ್ ಸೋಲಿನ ಹರಟೆಗೂ ರುವಾಂಡಾಕ್ಕೂ ಅಜಗಜಾಂತರವಿದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. 'ಅಂತೆ' ಉದುರಿದ ಮೇಲೆ ಮಾತಿಗೆ ಎಷ್ಟು ಬಲ ಬರುತ್ತದೆ ಎಂದು ತೋರಿಸಲು ಇಷ್ಟು ಹೇಳಿದೆ.

ಇದನ್ನೆಲ್ಲ ಯಂತ್ರವೇ ಸೋಸಿ ತೆಗೆಯಲಿ ಎಂದರೆ ಆಗುವ ಕೆಲಸವಲ್ಲ. ಕನ್ನಡದ ಬೈಗುಳಗಳನ್ನು ಬಹಳ ಮಂದಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಕಾಗುಣಿತ, ನಡುವೆ ಒಂದು ಚುಕ್ಕಿ. ಅದನ್ನು ಹಿಡಿದರೂ ಹೋಲಿಕೆ ಹಿಡಿಯುವುದು ಕಷ್ಟ. ಬಳೆ, ಕೇರಿ, ಒಂಬತ್ತು ಇವು ಯಾವುದೂ ಕೆಟ್ಟ ಪದವಲ್ಲ. ಲಿಂಗತ್ವ ಅಲ್ಪಸಂಖ್ಯಾತರೊಬ್ಬರ ಫೋಟೊದ ಕೆಳಗೆ ಬರೀ ಒಂದು ಅಂಕಿ ಬರೆದು ಹೋದರೆ ಅದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಕನ್ನಡ ಬಲ್ಲ ಮನುಷ್ಯನಿಗೆ ಗೊತ್ತು.

ಕಾನೂನು ಕೆಲವು ಕಡೆ ಗೆರೆ ಎಳೆದಿದೆ. ಆನ್‌ಲೈನ್ ಮಾತಿಗೆಂದೇ ಇದ್ದ, ಯಾರನ್ನು ಬೇಕಾದರೂ ಹಿಡಿದು ಒಳಗೆ ಹಾಕಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು, ಅದು ಸರಿಯೇ. ಆದರೆ ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು ಜಾತಿ ಹೆಸರೆತ್ತಿ ಸಾರ್ವಜನಿಕವಾಗಿ ನಿಂದಿಸುವುದು 1989ರ ಕಾಯ್ದೆಯಡಿ ಅಪರಾಧ. ಅಂಗವಿಕಲರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸಿದರೆ 2016ರ ಕಾಯ್ದೆಯಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಿದೆ. ಇವೆಲ್ಲ ನೇರ ಏಟಿಗೆ. ಗುರಿ ತಪ್ಪಿ ಉಪಮಾನಕ್ಕೆ ಬೀಳುವ ಏಟಿನ ಬಹುಪಾಲು ಕಾನೂನಿನ ಹೊರಗೇ ಇದೆ, ಅಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹರಟೆಗೆಲ್ಲ ಪೊಲೀಸರನ್ನು ಕರೆದರೆ ಮೊದಲು ಬಾಯಿ ಕಟ್ಟುವುದು ದುರ್ಬಲರದ್ದೇ.

ಹಾಗೆಂದು ಒರಟು ಮಾತೇ ಬೇಡವೆಂದು ನಾನು ಹೇಳುತ್ತಿಲ್ಲ. ಕನ್ನಡದಿಂದ ಒರಟುತನವನ್ನು ತೆಗೆದರೆ ಅರ್ಧ ಜೀವ ಹೋಗುತ್ತದೆ. ಅಧಿಕಾರಿಯ ಹಿಂದೆ ಮುಂದೆ ಸುಳಿದಾಡುವವನನ್ನು 'ಬಕೆಟ್ ಹಿಡಿಯೋನು' ಎನ್ನುತ್ತೇವಲ್ಲ, ಅದಕ್ಕಿಂತ ಹರಿತವಾದ ಮಾತು ಬೇಕೆ? ಅಲ್ಲಿ ಉಪಮಾನ ಒಂದು ಬಕೆಟ್ಟು, ಅದಕ್ಕೆ ನೋವಿಲ್ಲ. ಬೌಲರ್‌ಗಳನ್ನು ರುಬ್ಬಿದರು, ಒಗೆದು ಒಣಗಿಸಿದರು, ರಾಗಿ ತೆನೆ ಬಡಿದಂತೆ ಬಡಿದರು ಎನ್ನಿ. ಕಣದ ತುಂಬ ತೆನೆ ಹರಡಿ ಬಡಿಯುವುದನ್ನು ಕಂಡವರಿಗೆ ಆ ಕೊನೆಯ ಓವರ್‌ಗಳು ಕಣ್ಣಿಗೆ ಕಟ್ಟುತ್ತವೆ. ಇಂಗ್ಲಿಷಿನಿಂದ ಎತ್ತಿ ತಂದ ಆ ಒಂದು ಪದದಲ್ಲಿ ಕಣ್ಣಿಗೆ ಕಟ್ಟುವಂಥದ್ದು ಏನೂ ಇರಲಿಲ್ಲ.

ಜಾತಿಯ ಉಪಮಾನವನ್ನೇ ಎತ್ತಿಕೊಂಡು ಏಟಿನ ದಿಕ್ಕನ್ನೇ ತಿರುಗಿಸಿದವರೂ ನಮ್ಮಲ್ಲಿದ್ದಾರೆ. ಬ್ರಾಹ್ಮಣನಾಗಿ ಹುಟ್ಟಿದ ಬಸವಣ್ಣ, ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ, ಹೊಲದಲ್ಲಿ ಬೆರಣಿಗೆ ಹೋದಾಗ ಆದ ಸಂಗದಿಂದ ಹುಟ್ಟಿದವನು ತಾನು ಎಂದು ಕೂಡಲಸಂಗಮನನ್ನೇ ಸಾಕ್ಷಿಗೆ ಕರೆದು ಹೇಳಿಕೊಂಡ. 12ನೆಯ ಶತಮಾನದಲ್ಲಿ ಇದಕ್ಕಿಂತ ಒರಟಾದ ಮಾತು ಇರಲಾರದು. ಆದರೆ ಬಿಟ್ಟ ಸ್ಥಳದಲ್ಲಿ ಕೇಳುಗ ತುಂಬಿಕೊಳ್ಳಬೇಕಾದದ್ದು ಬೇರೆ: ಆ ಮನೆಯವನಾಗುವುದು ನನಗೆ ಹೆಚ್ಚಿನ ಭಾಗ್ಯ. 2024ರ ಜುಲೈನಲ್ಲಿ ಅಂಗವಿಕಲರನ್ನು ಸಿನಿಮಾಗಳಲ್ಲಿ ತೋರಿಸುವ ಬಗೆಯ ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂಗವಿಕಲತೆಯನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಬೇರೆ ಎಂದು ವಿಂಗಡಿಸಿತು. ವ್ಯತ್ಯಾಸ ಇರುವುದು ಪದದ ಒರಟಿನಲ್ಲಲ್ಲ, ಏಟು ಬೀಳುವ ಜಾಗದಲ್ಲಿ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. 'ಕುಂಟುನೆಪ', 'ಕುರುಡುನಂಬಿಕೆ' ಇಂಥವನ್ನು ಏನು ಮಾಡುವುದು? ಇವು ಬಳಸಿ ಬಳಸಿ ಹೋಲಿಕೆಯ ಚಹರೆಯನ್ನೇ ಕಳಕೊಂಡಿವೆ, ಆಡುವವನ ಕಣ್ಣ ಮುಂದೆ ಯಾವ ಮನುಷ್ಯನೂ ಬರುವುದಿಲ್ಲ. ಆದರೆ ಆಡುವವನಿಗೆ ಸತ್ತ ರೂಪಕ ಕೇಳುವವನಿಗೂ ಸತ್ತಿರಬೇಕೆಂದಿಲ್ಲ. ಪೋಲಿಯೊ ಆಗಿ ಊರುಗೋಲು ಹಿಡಿದು ನಡೆಯುವ ಹಳೆಯ ಸಹೋದ್ಯೋಗಿಯೊಬ್ಬರು ಮೀಟಿಂಗಿನಲ್ಲಿ ಆ ಪದ ಬಂದಾಗಲೆಲ್ಲ ಮೇಜಿನ ಕಡೆ ನೋಡುತ್ತಿದ್ದರು. ನಾನು ಈಗ 'ಸುಳ್ಳು ನೆಪ' ಎಂದು ಬರೆಯುತ್ತೇನೆ, ಅದರಿಂದ ನನ್ನ ಕನ್ನಡಕ್ಕೆ ಯಾವ ನಷ್ಟವೂ ಆಗಿಲ್ಲ. ಬೇರೆಯವರು ಕುಂಟುನೆಪ ಎಂದು ಬರೆದರೆ ಜಗಳಕ್ಕೆ ಹೋಗುವುದಿಲ್ಲ. ಎಲ್ಲ ಪದಗಳೂ ಒಂದೇ ತೂಕದವಲ್ಲ. ಎಲ್ಲದಕ್ಕೂ ಒಂದೇ ದನಿಯಲ್ಲಿ ಆಕ್ಷೇಪ ಎತ್ತಿದರೆ ಎತ್ತಲೇಬೇಕಾದಾಗ ಯಾರೂ ಕಿವಿಗೊಡುವುದಿಲ್ಲ.

ಗೆಳೆಯನಿಗೆ ನಾನು ಗುಂಪಿನಲ್ಲಿ ಏನೂ ಹೇಳಲಿಲ್ಲ. ಅರವತ್ತು ಜನರ ಎದುರು ತಪ್ಪು ತೋರಿಸಿದರೆ ಯಾರಾದರೂ ತಪ್ಪನ್ನು ಬಿಟ್ಟು ತಮ್ಮ ಮಾನ ಉಳಿಸಿಕೊಳ್ಳಲು ನೋಡುತ್ತಾರೆ. ಫೋನ್ ಮಾಡಿ ಆ ಸಾಲನ್ನು ಅವನಿಗೇ ಓದಿ ಹೇಳಿ, ನಕ್ಕವರಿಗೆ ಅದರಲ್ಲಿ ನಗು ಬಂದದ್ದು ಯಾವುದಕ್ಕೆ ಅಂತ ಒಂದು ಸಲ ಬಿಡಿಸಿ ಹೇಳು ಎಂದು ಕೇಳಿದೆ. ಅವನು ಶುರು ಮಾಡಿದ. 'ಅಂದ್ರೆ, ನಮ್ಮವರು ಏನೂ ಮಾಡೋಕಾಗದೆ...' ಅಲ್ಲಿಗೆ ನಿಂತ. ಆಮೇಲೆ ಅವಳ ಡ್ಯೂಟಿಯ ವಿಷಯ ಹೇಳಿದೆ.

ಮೂರು ದಿನದ ನಂತರ ಅವನೇ ಗುಂಪಿನಲ್ಲಿ ಬರೆದ: 'ಅವತ್ತು ಮ್ಯಾಚ್ ಆದ್ಮೇಲೆ ನಾನು ಆ ಮಾತು ಬರೀಬಾರದಿತ್ತು. ತಪ್ಪಾಯ್ತು.' ಒಂದಿಬ್ಬರು ಯಾವ ಮಾತು ಎಂದು ಕೇಳಿದರು. ಅವಳಿಗೆ ಅದರ ಸ್ಕ್ರೀನ್‌ಶಾಟ್ ಕಳಿಸಿ, ಮತ್ತೆ ಸೇರಿಸಲಾ ಎಂದು ಕೇಳಿದೆ. 'ಓದಿದೆ, ಅವನಿಗೆ ಥ್ಯಾಂಕ್ಸ್ ಹೇಳು. ಈಗ ಬೇಡ ಕಣೋ' ಎಂದು ಉತ್ತರ ಬಂತು.